ವಂಶವೃಕ್ಷದಲ್ಲಿ ಹೆಸರಿಲ್ಲದ ತಂಗಿ

ಪ್ಲಾಸ್ಟಿಕ್ ಕವರಿನಲ್ಲಿ ಮೇಲೆ ಪಹಣಿ, ಅದರಡಿ ಸೊಸೈಟಿ ಪಾಸ್‌ಬುಕ್ಕು, ಎಲ್ಲಕ್ಕಿಂತ ಕೆಳಗೆ ನಾಲ್ಕು ಮಡಿಕೆಯ ವಂಶವೃಕ್ಷ. ಆಯನೂರಿನ ಆಚೆಯ ಅಡಿಕೆ ಬೆಳೆಗಾರರೊಬ್ಬರು ಅದನ್ನು ನನ್ನ ಮೇಜಿನ ಮೇಲಿಟ್ಟು, "ತಂಗಿ ಮೆಲ್ಬರ್ನಲ್ಲಿದಾಳೆ ತಮಾ. ಹೋಗಿ ನೋಡ್ಕೊಂಡು ಬರ್ಬೇಕು" ಎಂದರು. ವಯಸ್ಸು ಅರವತ್ತೆಂಟು. ಪಾಸ್‌ಪೋರ್ಟ್ ಹೊಸದು, ಒಂದು ಸೀಲೂ ಬಿದ್ದಿಲ್ಲ.

ಶಿವಮೊಗ್ಗದಲ್ಲಿ ಪಾಸ್‌ಪೋರ್ಟ್, ವೀಸಾ ಕಾಗದಪತ್ರದ ಕೆಲಸ ಮಾಡುತ್ತಾ ನನಗೆ ಇಪ್ಪತ್ತು ವರ್ಷವಾಯಿತು. ಮಗನ ಮನೆಗೆ ಹೋಗುವವರು, ಮಗಳ ಬಾಣಂತನಕ್ಕೆ ಹೋಗುವವರು ದಿನವೂ ಬರುತ್ತಾರೆ. ಅವರ ಫೈಲು ಕಣ್ಣು ಮುಚ್ಚಿಕೊಂಡು ಕಟ್ಟಬಹುದು. ಒಡಹುಟ್ಟಿದವರನ್ನು ನೋಡಲು ಹೋಗುವವರದ್ದು ಹಾಗಲ್ಲ. ಗಂಡ-ಹೆಂಡತಿ, ಅಪ್ಪ-ಅಮ್ಮ, ಮಕ್ಕಳಿಗೆ ಬಹಳಷ್ಟು ದೇಶಗಳ ನಿಯಮದಲ್ಲಿ ಪ್ರತ್ಯೇಕ ಜಾಗವಿದೆ. ಕೆನಡಾದ ಸೂಪರ್ ವೀಸಾ ಅಪ್ಪ-ಅಮ್ಮ, ಅಜ್ಜ-ಅಜ್ಜಿಗೆ ಮಾತ್ರ. ಅಣ್ಣ ತಂಗಿಯನ್ನು ನೋಡಲು ಹೋದರೆ ಹೆಚ್ಚಿನ ಕಡೆ ಅವನು ಬರೀ ಪ್ರವಾಸಿ. ಆಸ್ಟ್ರೇಲಿಯಾದಲ್ಲಿ ಸ್ವಲ್ಪ ಬೇರೆ. ಅಲ್ಲಿನ 600 ನಂಬರಿನ ಸಂದರ್ಶಕ ವೀಸಾದಲ್ಲಿ ಕುಟುಂಬದವರು ಪ್ರಾಯೋಜಿಸುವ ಒಂದು ವಿಭಾಗವಿದೆ, ಅಲ್ಲಿನ ಪೌರತ್ವ ಅಥವಾ ಕಾಯಂ ವಾಸದ ಹಕ್ಕಿರುವ ಒಡಹುಟ್ಟಿದವರೂ ಪ್ರಾಯೋಜಕರಾಗಬಹುದು. ಆದರೆ ಸಂಬಂಧವನ್ನು ಕಾಗದದಲ್ಲಿ ತೋರಿಸಬೇಕು.

ವಂಶವೃಕ್ಷ ಬಿಡಿಸಿ ನೋಡಿದೆ. ಅಪ್ಪ, ಅಮ್ಮ, ಮೂವರು ಗಂಡುಮಕ್ಕಳು. ತಂಗಿಯ ಹೆಸರು ಇರಲಿಲ್ಲ.

"ಅಪ್ಪ ಹೋದಾಗ ಜಮೀನು ನಮ್ಮ ಹೆಸ್ರಿಗೆ ಮಾಡ್ಕೊಳ್ಳೋ ಪೌತಿ ಖಾತೆಗೆ ಮಾಡ್ಸಿದ್ದು. ಅವ್ಳ ಹೆಸ್ರು ಬರ್ಸಿಲ್ಲ. ಆವಾಗ ಎಲ್ರೂ ಹಂಗೇ ಮಾಡ್ತಿದ್ರು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅದ್ಕೇ ಮಾತು ಬಿಟ್ಟಿದ್ದು ಅವ್ಳು" ಎಂದರು.

ಮಲೆನಾಡಿನ ಕಡತಗಳಲ್ಲಿ ಇದನ್ನು ನಾನು ನೋಡಿದ್ದು ಅದೇ ಮೊದಲಲ್ಲ. ಹೆಣ್ಣುಮಗಳು ಮದುವೆಯಾಗಿ ಹೋದಳು, ಪರದೇಶಕ್ಕೆ ಬೇರೆ ಹೋದಳು, ಸಹಿಗೆ ಎಲ್ಲಿ ಹುಡುಕುವುದು ಎಂದು ಹೆಸರನ್ನೇ ಬಿಟ್ಟುಬಿಟ್ಟಿರುತ್ತಾರೆ. ಜಮೀನಿನ ಖಾತೆಯಾಗುತ್ತದೆ. ಇಪ್ಪತ್ತೈದು ವರ್ಷದ ಮೇಲೆ ಅವಳನ್ನು ನೋಡಬೇಕು ಅನ್ನಿಸಿದಾಗ, ಅವಳು ತನ್ನ ತಂಗಿ ಎನ್ನುವುದಕ್ಕೆ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ನಾನು ಅವರಿಗೆ ಮೊದಲು ಹೇಳಿದ್ದು ವಕೀಲರ ಬಳಿ ಹೋಗಲು. ಹೆಸರು ಸೇರಿಸಿ ಹೊಸ ವಂಶವೃಕ್ಷ ಮಾಡಿಸಿದರೆ ಹಳೆಯದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ, ಜಮೀನಿನ ಪ್ರಶ್ನೆ ಏಳುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ 2005ರ ತಿದ್ದುಪಡಿಯಾದ ಮೇಲೆ ಅದು ಸಣ್ಣ ಪ್ರಶ್ನೆಯೂ ಅಲ್ಲ. ವೀಸಾ ಆಸೆಗೆ ಕಣ್ಣು ಮುಚ್ಚಿ ಅರ್ಜಿ ಹಾಕಿಸುವುದು ನನ್ನ ಕಸುಬಿಗೆ ಸಲ್ಲದು. ಅವರು ಎರಡು ವಾರ ಬಿಟ್ಟು ಬಂದರು. "ಸೇರ್ಸೋದು ಅಂತ್ಲೇ ತೀರ್ಮಾನ. ತಮ್ಮಂದ್ರೂ ಒಪ್ಪಿದಾರೆ" ಎಂದರು. ನಾಡಕಚೇರಿಯಲ್ಲಿ ಅರ್ಜಿ, ಜೊತೆಗೆ ಅಫಿಡವಿಟ್ಟು, ಆಮೇಲೆ ಗ್ರಾಮ ಆಡಳಿತ ಅಧಿಕಾರಿ ಊರಿಗೆ ಬಂದು ನೆರೆಹೊರೆಯವರ ಎದುರು ಪಂಚನಾಮೆ. ಅಷ್ಟೆಲ್ಲ ಮುಗಿಯಲು ತಿಂಗಳ ಮೇಲಾಯಿತು.

ಅಷ್ಟರೊಳಗೆ ಇನ್ನೊಂದು ತೊಡಕು. ಅಣ್ಣನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಸಾಗರ, ತಂಗಿಯ ಹಳೆಯ ಪಾಸ್‌ಪೋರ್ಟಿನಲ್ಲಿ ಶಿವಮೊಗ್ಗ. ನಿಜಕ್ಕೆ ಇಬ್ಬರೂ ಹುಟ್ಟಿದ್ದು ಒಂದೇ ಮನೆಯಲ್ಲಿ. ಆ ಮನೆ, ಆ ಊರು ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಏರಿದಾಗ ಸಾಗರ, ಹೊಸನಗರ ತಾಲ್ಲೂಕಿನ ಎಷ್ಟೋ ಕುಟುಂಬಗಳು ಶಿವಮೊಗ್ಗದ ಕಾಡಂಚಿಗೆ ಬಂದು ನೆಲೆಯಾದವು. ಆಗ ಅಣ್ಣನಿಗೆ ಎಂಟು, ತಂಗಿಗೆ ನಾಲ್ಕು. ಅರ್ಜಿ ತುಂಬುವಾಗ ಒಬ್ಬರು ಹಳೆಯ ತಾಲ್ಲೂಕು ಬರೆಸಿದರು, ಇನ್ನೊಬ್ಬರು ಬೆಳೆದ ತಾಲ್ಲೂಕು. ಮುಳುಗಡೆ ಕುಟುಂಬದವರು ಪಾಸ್‌ಪೋರ್ಟ್ ಮಾಡಿಸುವಾಗ ಒಡಹುಟ್ಟಿದವರೆಲ್ಲರ ದಾಖಲೆಯಲ್ಲೂ ಒಂದೇ ಸ್ಥಳ ಬರುವಂತೆ ಮೊದಲೇ ಮಾತಾಡಿಕೊಳ್ಳಿ. ಈಗಾಗಲೇ ಬೇರೆಬೇರೆ ಬಿದ್ದಿದ್ದರೆ ಹೆದರಬೇಡಿ. ಏನಾಯಿತು ಎಂದು ಅರ್ಧ ಪುಟದ ವಿವರಣೆ ಬರೆದು ಲಗತ್ತಿಸಿ.

ಸಂಬಂಧ ತೋರಿಸಲು ನಮಗೆ ಕೊನೆಗೆ ಗಟ್ಟಿ ಆಸರೆಯಾಗಿದ್ದು ಶಾಲೆ. ಹೊಸ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇಬ್ಬರ ಹೆಸರೂ ಇತ್ತು, ಒಂದೇ ಅಪ್ಪ, ಒಂದೇ ವಿಳಾಸ. ಮುಖ್ಯೋಪಾಧ್ಯಾಯರು ಅದರ ದೃಢೀಕೃತ ನಕಲು ಕೊಟ್ಟರು. ಜನನ ಪ್ರಮಾಣಪತ್ರವಿಲ್ಲದ ಕಾಲದವರಿಗೆ ಆ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಟಿ.ಸಿ., ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹಳೆಯ ರೇಷನ್ ಕಾರ್ಡು ಇದ್ದರೂ ಇಟ್ಟುಕೊಳ್ಳಿ. ಕನ್ನಡದ ಕಾಗದಕ್ಕೆಲ್ಲ ಇಂಗ್ಲಿಷ್ ಅನುವಾದ ಬೇಕು, ಅದರ ಮೇಲೆ ಅನುವಾದಕರ ಹೆಸರು, ವಿಳಾಸ, ಅರ್ಹತೆ ಇರಬೇಕು. ಮನೆಯ ಮಗು ಇಂಗ್ಲಿಷ್ ಮೀಡಿಯಂ ಎಂದು ಅದರ ಕೈಯಲ್ಲಿ ಬರೆಸಬೇಡಿ.

ಇನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು. ಬಹಳ ಕಾಲ ಮಾತಿಲ್ಲದೆ ಇದ್ದವರು ಅದನ್ನು ಮುಚ್ಚಿಡಲು ನೋಡುತ್ತಾರೆ. "ವಾರ ವಾರ ಫೋನ್ ಮಾಡ್ತೀವಿ ಅಂತ ಬರೀರಿ" ಎನ್ನುತ್ತಾರೆ. ಬೇಡ. ಅದು ಸುಳ್ಳು ಎನ್ನುವುದು ಎರಡು ಪ್ರಶ್ನೆಯಲ್ಲಿ ಹೊರಬೀಳುತ್ತದೆ. ತಂಗಿ ಏನು ಕೆಲಸ ಮಾಡುತ್ತಾಳೆ, ಎಷ್ಟು ಮಕ್ಕಳು, ಯಾವ ಬಡಾವಣೆಯಲ್ಲಿ ಮನೆ? ಗೊತ್ತಿರುವುದಿಲ್ಲ. ಆಮೇಲೆ ಉಳಿದ ನಿಜವೂ ಸುಳ್ಳಿನಂತೆ ಕಾಣುತ್ತದೆ. ಅಣ್ಣನ ಪತ್ರದಲ್ಲಿ ನಾವು ಬರೆದದ್ದು ಇಷ್ಟು: 1998ರಲ್ಲಿ ತಂದೆ ತೀರಿಕೊಂಡ ಮೇಲೆ ಆಸ್ತಿ ವಿಷಯಕ್ಕೆ ಮಾತು ನಿಂತಿತು, 2023ರಲ್ಲಿ ತಾಯಿ ಹೋದಾಗ ತಂಗಿ ಫೋನ್ ಮಾಡಿದರು, ಆಗಿನಿಂದ ಮಾತಾಡುತ್ತಿದ್ದೇವೆ, ಮುಖ ನೋಡಬೇಕೆಂದು ಹೋಗುತ್ತಿದ್ದೇನೆ. ತಂಗಿ ಬರೆದ ಆಹ್ವಾನ ಪತ್ರದಲ್ಲೂ ಅದೇ ಇತ್ತು. ನನ್ನ ಅನುಭವದಲ್ಲಿ ಇಂಥ ಪತ್ರವನ್ನು ಯಾವ ಅಧಿಕಾರಿಯೂ ಅನುಮಾನದಿಂದ ನೋಡಿದ್ದಿಲ್ಲ. ಇಷ್ಟು ವರ್ಷ ಹೋಗದೆ ಈಗೇಕೆ ಹೊರಟರು ಎಂಬ ಪ್ರಶ್ನೆಗೆ ಅದರಲ್ಲೇ ಉತ್ತರವಿದೆ.

ಅಮೆರಿಕಕ್ಕೆ ಹೋಗುವವರಿಗೆ ಈ ಮಾತು ಎರಡು ಪಾಲು. ಅಲ್ಲಿನ ಡಿಎಸ್-160 ಅರ್ಜಿಯಲ್ಲಿ ಹತ್ತಿರದ ಸಂಬಂಧಿಕರು ಅಮೆರಿಕದಲ್ಲಿ ಇದ್ದಾರೆಯೇ ಎಂಬ ಪ್ರಶ್ನೆಯಿದೆ, ಒಡಹುಟ್ಟಿದವರೂ ಅದರೊಳಗೆ ಬರುತ್ತಾರೆ. ಇನ್ನೊಂದು ಪ್ರಶ್ನೆ, ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ ಎಂದು. ಇಲ್ಲೇ ಜನ ಎಡವುತ್ತಾರೆ. ಇಪ್ಪತ್ತೊಂದು ದಾಟಿದ ಅಮೆರಿಕದ ಪೌರರು ಅಣ್ಣ-ತಮ್ಮ, ಅಕ್ಕ-ತಂಗಿಯರಿಗಾಗಿ ಎಫ್-4 ಎಂಬ ವರ್ಗದಲ್ಲಿ ಅರ್ಜಿ ಹಾಕಬಹುದು. ಜಗತ್ತಿಗೆಲ್ಲ ಸೇರಿ ವರ್ಷಕ್ಕೆ 65,000 ವೀಸಾ, ಒಂದೊಂದು ದೇಶಕ್ಕೂ ಮಿತಿ. ಹೀಗಾಗಿ 2025ರಲ್ಲಿ ಭಾರತದವರಿಗೆ ಸರದಿ ಬಂದದ್ದು 2006ರ ಆಸುಪಾಸಿನ ಅರ್ಜಿಗಳಿಗೆ. ಅಷ್ಟರಲ್ಲಿ ಜಗಳವಾಗಿರುತ್ತದೆ, ಮಾತು ಬಿಟ್ಟಿರುತ್ತದೆ, ಅಣ್ಣ ಹಾಕಿದ್ದ ಅರ್ಜಿ ತಂಗಿಗೆ ಮರೆತೇ ಹೋಗಿರುತ್ತದೆ.

ಈ ತಪ್ಪು ನನ್ನ ಕೈಯಲ್ಲೇ ಆಗಿದೆ. ತೀರ್ಥಹಳ್ಳಿ ಕಡೆಯ ಒಬ್ಬ ತಾಯಿಗೆ ಅರ್ಜಿ ತುಂಬುವಾಗ ಆ ಪ್ರಶ್ನೆಗೆ 'ಇಲ್ಲ' ಎಂದು ಹಾಕಿದೆ, ಕೇಳಲೇ ಇಲ್ಲ. ಸಂದರ್ಶನಕ್ಕೆ ನಾಲ್ಕು ದಿನವಿದ್ದಾಗ ಅವರ ಅಣ್ಣ ಅಲ್ಲಿಂದ ಫೋನಿನಲ್ಲಿ, "2004ರಲ್ಲಿ ನಿನ್ನ ಹೆಸರಲ್ಲಿ ಒಂದು ಹಾಕಿದ್ದೆ, ನೆನಪಿದೆಯಾ?" ಎಂದರಂತೆ. ರಾತ್ರಿ ಹತ್ತಕ್ಕೆ ಅವರು ನನಗೆ ಫೋನ್ ಮಾಡಿದರು. ಹೊಸ ಅರ್ಜಿ ತುಂಬಿ, ಸಂದರ್ಶನದ ದಿನ ಮುಂದೆ ಹಾಕಿಸಿಕೊಂಡೆವು. ತಪ್ಪು ಮಾಹಿತಿ ಕೊಟ್ಟರು ಎಂದು ದಾಖಲಾದರೆ ಜೀವಮಾನವಿಡೀ ಆ ದೇಶದ ಬಾಗಿಲು ಮುಚ್ಚಬಹುದು. ಅಂದಿನಿಂದ ಆ ಪ್ರಶ್ನೆಯನ್ನು ನಾನು ಅಣ್ಣನಿಗೂ ಕೇಳುತ್ತೇನೆ, ತಂಗಿಗೂ ಕೇಳುತ್ತೇನೆ. ಹಳೆಯ ಅರ್ಜಿ ಇದ್ದ ಮಾತ್ರಕ್ಕೆ ಸಂದರ್ಶಕ ವೀಸಾ ಸಿಗುವುದೇ ಇಲ್ಲ ಎಂದೇನಿಲ್ಲ. ವಾಪಸ್ ಬರುತ್ತೇನೆ ಎನ್ನುವುದಕ್ಕೆ ಇನ್ನಷ್ಟು ಗಟ್ಟಿ ಆಧಾರ ಬೇಕಾಗುತ್ತದೆ, ಅಷ್ಟೆ.

ಆ ಆಧಾರದಲ್ಲಿ ನಮ್ಮ ಮಲೆನಾಡಿನವರು ಬಡವರಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಎಷ್ಟೋ ಜನರ ಬಳಿ ರಿಟರ್ನ್ಸ್ ಇರುವುದಿಲ್ಲ, ಅದನ್ನೇ ಕೊರತೆ ಅಂದುಕೊಂಡು ಕುಗ್ಗುತ್ತಾರೆ. ಪಹಣಿ, ಮ್ಯಾಮ್‌ಕೋಸ್ (ಅಡಿಕೆ ಮಾರಾಟದ ಸಹಕಾರ ಸಂಘ) ಅಥವಾ ಮಂಡಿಗೆ ಅಡಿಕೆ ಹಾಕಿದ ಬಿಲ್ಲು, ಅದೇ ಹಣ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟು, ಈ ಮೂರನ್ನೂ ಒಂದಕ್ಕೊಂದು ತಾಳೆಯಾಗುವಂತೆ ಜೋಡಿಸಿ. ನೆಂಟರಿಂದ ನಾಲ್ಕು ಲಕ್ಷ ತಂದು ಹಿಂದಿನ ವಾರ ಖಾತೆಗೆ ಹಾಕುವ ಕೆಲಸ ದಯವಿಟ್ಟು ಮಾಡಬೇಡಿ.

ಹೊರಡುವ ಕಾಲವೂ ಸಾಕ್ಷಿಯೇ. ಅಕ್ಟೋಬರಿನಿಂದ ಕೊಯ್ಲು, ಆಮೇಲೆ ಬೇಯಿಸುವುದು, ಒಣಗಿಸುವುದು. ಜೂನ್ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ಹೊಡೆಸಬೇಕು. ನಡುವೆ ಬಿಡುವು ಸಿಗುವುದು ಮಾರ್ಚ್‌ನಿಂದ ಮೇ. ಅಣ್ಣನ ಪತ್ರದ ಕೊನೆಯ ಸಾಲು, "ಮಳೆ ಹಿಡಿಯುವ ಮುಂಚೆ ತೋಟಕ್ಕೆ ಔಷಧಿ ಹೊಡೆಸಬೇಕಾದ್ದರಿಂದ ಮೇ ಕೊನೆಯೊಳಗೆ ಹಿಂತಿರುಗುತ್ತೇನೆ." ಬೋರ್ಡೋ ಅಂದರೇನು, ಕೊಳೆ ಬಂದರೆ ಎಷ್ಟು ಫಸಲು ಉದುರುತ್ತದೆ ಎಂದೂ ಎರಡು ಸಾಲು ಸೇರಿಸಿದೆವು. ಮೂರು ವಾರದಲ್ಲಿ ವೀಸಾ ಬಂತು.

ಎಷ್ಟು ದಿನ ಇರಬೇಕು ಎಂದು ಎಲ್ಲರೂ ಕೇಳುತ್ತಾರೆ. ವೀಸಾ ಮೂರು ತಿಂಗಳಿಗೆ ಸಿಕ್ಕಿದೆ ಎಂದು ಮೂರು ತಿಂಗಳೂ ಇರಬೇಕಿಲ್ಲ. ಬಹಳ ವರ್ಷದ ಮೇಲೆ ಸೇರುವವರಿಗೆ ಮೊದಲ ಸಲ ಆರು ವಾರ ಸಾಕು ಎನ್ನುವುದು ನನ್ನ ಅಭಿಪ್ರಾಯ. ಅವರ ಮನೆಯಲ್ಲಿ ಅವರದೇ ದಿನಚರಿ ಇರುತ್ತದೆ, ಕನ್ನಡ ಬಾರದ ಮಕ್ಕಳಿರುತ್ತಾರೆ, ಹಗಲೆಲ್ಲ ಮನೆ ಖಾಲಿ. ಹಳೆಯದನ್ನು ಮಾತಾಡಲೇಬೇಕು, ಆದರೆ ಇಳಿದ ರಾತ್ರಿಯೇ ಬೇಡ. ದಿನಾಂಕ ಬದಲಿಸಲು ಬರುವ ಟಿಕೆಟ್ ತೆಗೆಸಿ, ಹೆಚ್ಚು ಹಣ ಹೋದರೂ ಪರವಾಗಿಲ್ಲ. ಪ್ರಯಾಣ ವಿಮೆ ಮಾಡಿಸುವಾಗ ಬಿಪಿ, ಸಕ್ಕರೆ ಇರುವುದನ್ನು ಮರೆಮಾಚಬೇಡಿ. ಮಾತ್ರೆಗಳು ಕೈಚೀಲದಲ್ಲಿ, ಡಾಕ್ಟರ ಚೀಟಿಯ ಜೊತೆಗೆ.

ಅಣ್ಣನಿಗೆ ವೀಲ್‌ಚೇರ್ ಸಹಾಯ ಬುಕ್ ಮಾಡುತ್ತೇನೆ ಎಂದಾಗ ಒಪ್ಪಲಿಲ್ಲ. ದಿನವೂ ತೋಟದ ದರೆ ಹತ್ತಿ ಇಳಿಯುವ ಕಾಲು ಅವರದು. "ಕಾಲಿಗಲ್ಲ ಯಜಮಾನ್ರೆ, ದಾರಿಗೆ" ಎಂದು ವಿವರಿಸಿದೆ. ಸಿಂಗಾಪುರದಲ್ಲಿ ವಿಮಾನ ಬದಲಿಸಬೇಕು, ಬೋರ್ಡು ಓದಲು ಬರುವುದಿಲ್ಲ, ಕೇಳಲು ಭಾಷೆ ಇಲ್ಲ. ಆ ಸಹಾಯ ಕೇಳಿದವರನ್ನು ಸಿಬ್ಬಂದಿ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿನವರೆಗೆ ಕರೆದೊಯ್ಯುತ್ತಾರೆ. ಒಬ್ಬರೇ ಮೊದಲ ಸಲ ಹಾರುವ ಹಿರಿಯರಿಗೆಲ್ಲ ನಾನು ಇದನ್ನೇ ಹೇಳುವುದು. ಟಿಕೆಟ್ ಮಾಡುವಾಗಲೇ ಕೇಳಿಡಬೇಕು.

ಸಾಮಾನಿನ ವಿಷಯಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು ಇದ್ದವು. ಉಪ್ಪಿನಕಾಯಿ ಯಾವಾಗಲೂ ದೊಡ್ಡ ಪೆಟ್ಟಿಗೆಯಲ್ಲೇ ಹೋಗಬೇಕು, ಕೈಚೀಲದಲ್ಲಿ ಬಿಡುವುದಿಲ್ಲ. ಅವರು ಇನ್ನೊಂದನ್ನು ಇಟ್ಟಿದ್ದರು, ಒಣಗಿದ ಸುರಗಿ ಹೂವಿನ ಮಾಲೆ. ಸಣ್ಣವಳಿದ್ದಾಗ ಸುರಗಿ ಮರದ ಕೆಳಗೇ ಇರುತ್ತಿದ್ದಳಂತೆ. ಆಸ್ಟ್ರೇಲಿಯಾದವರು ಬೀಜ, ಸೊಪ್ಪು, ಹೂವು, ಮಣ್ಣಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಇಳಿಯುವಾಗ ಕೊಡುವ ಕಾರ್ಡಿನಲ್ಲಿ ತಿಂಡಿ, ಸಸ್ಯವಸ್ತು ಇದೆ ಎಂದು ಒಪ್ಪಿಕೊಂಡರೆ ಪರಿಶೀಲಿಸಿ ಬಿಡುತ್ತಾರೆ ಅಥವಾ ಇಟ್ಟುಕೊಳ್ಳುತ್ತಾರೆ, ದಂಡವಿಲ್ಲ. ಮುಚ್ಚಿಟ್ಟು ಸಿಕ್ಕರೆ ದೊಡ್ಡ ದಂಡ. ತಿಂಡಿ, ಸಸ್ಯವಸ್ತುವಿನ ಪ್ರಶ್ನೆಗಳಿಗೆಲ್ಲ 'ಹೌದು' ಎಂದು ಗುರುತು ಹಾಕಲು ಹೇಳಿ, ಒಂದು ಮಾದರಿ ಕಾರ್ಡಿನ ಮೇಲೆ ಎರಡು ಸಲ ತುಂಬಿಸಿ ತೋರಿಸಿದೆ.

ಮೇ ಕೊನೆಯ ವಾರ ಅವರು ಮತ್ತೆ ಬಂದರು. ಹೂವನ್ನು ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡರಂತೆ, ಉಪ್ಪಿನಕಾಯಿ, ಹಪ್ಪಳ ಬಿಟ್ಟರಂತೆ. ಮಾಲೆ ಸುತ್ತಿದ್ದ ಹಳೆಯ ಪಂಚೆಯ ತುಂಡು ಪೆಟ್ಟಿಗೆಯಲ್ಲೇ ಉಳಿದಿತ್ತು. "ಅದನ್ನೇ ಮೂಸಿದ್ಲು ತಮಾ. ಸುರಗಿ ತಂದಿದ್ಯಾ ಅಣ್ಣಾ ಅಂತ ಕೇಳಿದ್ಲು."

ನಾನು ಏನೂ ಕೇಳಲಿಲ್ಲ. ಅವರೇ ಕವರಿನಿಂದ ಹೊಸ ವಂಶವೃಕ್ಷ ತೆಗೆದು ಮೇಜಿನ ಮೇಲಿಟ್ಟರು. ಅದರ ನಕಲನ್ನು ತಂಗಿಗೆ ತೋರಿಸಿದ್ದರಂತೆ. ಡಿಸೆಂಬರಿನಲ್ಲಿ ಅವಳು ಬರುತ್ತಾಳೆ, ಈಗ ಅವಳು ಆ ದೇಶದ ಪೌರಳು, ಇಲ್ಲಿಗೆ ಬರಲು ಏನೇನು ಬೇಕು ಎಂದು ಕೇಳಿದರು. ಒಂದು ಸಲಕ್ಕಾದರೆ ಇ-ವೀಸಾ ಸಾಕು, ಮತ್ತೆ ಮತ್ತೆ ಬರುವುದಿದ್ದರೆ ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡು ಮಾಡಿಸಲಿ ಎಂದೆ.

"ಒಸಿಐ ಇದ್ರೆ ಪಹಣಿಲಿ ಹೆಸ್ರು ಬರ್ಸ್‌ಬಹ್ದಾ?"

ಒಸಿಐ ಇರುವವರು ಇಲ್ಲಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದದ್ದಕ್ಕೆ ಅಡ್ಡಿಯಿಲ್ಲ, ಹೇಗೆ ಬರೆಸುವುದು ಎನ್ನುವುದನ್ನು ವಕೀಲರೇ ಹೇಳಬೇಕು ಎಂದೆ. ತಲೆಯಾಡಿಸಿ, ಒಸಿಐಗೆ ಏನೇನು ಬೇಕೋ ಒಂದು ಚೀಟಿಯಲ್ಲಿ ಬರೆದುಕೊಡಿ, ಇವತ್ತು ರಾತ್ರಿಯೇ ಅವಳಿಗೆ ಫೋಟೋ ಹೊಡೆದು ಕಳಿಸುತ್ತೇನೆ ಎಂದು ಪೆನ್ನು ಮುಂದೆ ಹಿಡಿದರು.