ಕಪಾಟಿನಲ್ಲಿದೆ, ಕಂಪ್ಯೂಟರಿನಲ್ಲಿಲ್ಲ

ಮಳೆಗಾಲದ ಆಟಿ ತಿಂಗಳು ಬಂತೆಂದರೆ ಕಾಸರಗೋಡಿನ ನಮ್ಮ ಗ್ರಂಥಾಲಯಕ್ಕೆ ಬೇರೆಯೇ ಒಂದು ಬಗೆಯ ಓದುಗರು ಬರುತ್ತಾರೆ. ಪತ್ತನಾಜೆಯ ದಿನಕ್ಕೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿರುತ್ತವೆ. ಇನ್ನು ವೇಷವಿಲ್ಲದೆ ಕೂತು ಪದ್ಯ ಹಾಡಿ ಅರ್ಥ ಹೇಳುವ ತಾಳಮದ್ದಳೆಯ ಕಾಲ. ಅರ್ಥ ಹೇಳುವವರು, ಭಾಗವತಿಕೆ ಕಲಿಯುವ ಹುಡುಗರು ಒದ್ದೆ ಕೊಡೆಯನ್ನು ಬಾಗಿಲ ಹತ್ತಿರ ಇಟ್ಟು ಕೌಂಟರಿಗೆ ಬಂದು ಪ್ರಸಂಗ, ಅಂದರೆ ಹಾಡುವ ಪದ್ಯಗಳ ಕಥೆ, ಕೇಳುತ್ತಾರೆ: "ವಾಲಿ ಮೋಕ್ಷ ಪ್ರಸಂಗ ಉಂಟಾ?"

ಉಂಟು. ಆದರೆ ಮೊದಲೆಲ್ಲ ಕಂಪ್ಯೂಟರಿನಲ್ಲಿ ಹಾಗೆ ಹುಡುಕಿದರೆ ಸಿಗುತ್ತಿರಲಿಲ್ಲ. ಒಂದು ಪ್ರತಿ ಬೇರೆ ಏಳೆಂಟು ಪ್ರಸಂಗಗಳ ಜೊತೆ ಒಂದೇ ಸಂಪುಟದೊಳಗೆ ಕೂತಿತ್ತು. ಸಂಪುಟದ ಹೆಸರೇ ಬೇರೆ. ಬಿಡಿಯಾಗಿದ್ದ ಇನ್ನೊಂದು ತೆಳ್ಳಗಿನ ಪುಸ್ತಕದ ಮುಖಪುಟದಲ್ಲಿ 'ವಾಲಿ ವಧೆ' ಎಂದಿತ್ತು. ಅಷ್ಟಕ್ಕೇ ಓದುಗ ಬರಿಗೈಯಲ್ಲಿ ವಾಪಸು ಹೋಗಬೇಕಿತ್ತು. ಯಕ್ಷಗಾನದ ದಕ್ಷಿಣದ ಶೈಲಿ ತೆಂಕುತಿಟ್ಟಿನ ಪಿತಾಮಹ ಎನ್ನುವ ಪಾರ್ತಿಸುಬ್ಬ ಕುಂಬಳೆಯವನು. ಅವನ ಊರ ಪಕ್ಕದ ಗ್ರಂಥಾಲಯದಲ್ಲೇ ಹೀಗಾದರೆ ಹೇಗೆ, ಅಲ್ವಾ?

ಗ್ರಂಥಾಲಯ ಅಂದರೆ ಎಷ್ಟು ಪುಸ್ತಕ ಇದೆ ಎಂದೇ ಜನ ಕೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಆ ಪುಸ್ತಕಗಳನ್ನು ಹೇಗೆ ನಮೂದು ಮಾಡಿದ್ದಾರೆ ಎನ್ನುವುದು. ಕನ್ನಡ, ಮಲಯಾಳ ಎಂಬ ಎರಡು ಲಿಪಿಗಳ ಊರಿನಲ್ಲಂತೂ ಕನ್ನಡ ಪುಸ್ತಕದ ಅಳಿವು ಉಳಿವು ಕ್ಯಾಟಲಾಗಿನಲ್ಲೇ ಇದೆ. ಇದು ನನಗೆ ಗೊತ್ತಾಗಿದ್ದು ಒಂದು ಕಹಿ ಅನುಭವದಿಂದ.

ಹಳೆಯ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಹೊರಗಿನವರಿಗೆ ಕೊಟ್ಟಿದ್ದ ಕಾಲ ಅದು. ಟೈಪ್ ಮಾಡಲು ಬಂದವರಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅವರು ಶೀರ್ಷಿಕೆಯ ಜಾಗದಲ್ಲಿ 'ಕನ್ನಡ ನಾವೆಲ್' ಎಂದು ಹಾಕಿದರು. ಲೇಖಕರ ಜಾಗ ಖಾಲಿ. ಮುಂದಿನ ಪುಸ್ತಕಕ್ಕೂ ಅದೇ. ಹೀಗೆ ಸಾಲು ಸಾಲಾಗಿ, ನಂಬರ್ ಮಾತ್ರ ಬೇರೆ ಬೇರೆ. ಅದಕ್ಕೂ ಮೊದಲು ಕನ್ನಡ ಬಲ್ಲವರೊಬ್ಬರು ಹಳೆಯ ನುಡಿ ಫಾಂಟಿನಲ್ಲಿ ಶ್ರದ್ಧೆಯಿಂದ ಟೈಪ್ ಮಾಡಿಟ್ಟ ಒಂದಷ್ಟು ಪುಸ್ತಕಗಳಿದ್ದವು. ಯುನಿಕೋಡಿಗೆ ಬದಲಾಯಿಸದೆ ಹೊಸ ತಂತ್ರಾಂಶಕ್ಕೆ ಸುರಿದದ್ದರಿಂದ ಅವೂ ಹೋದವು. ಪರದೆಯ ಮೇಲೆ ಕೊಂಬು, ಚುಕ್ಕೆ ಮೆತ್ತಿದ ಇಂಗ್ಲಿಷ್ ಅಕ್ಷರಗಳ ರಾಶಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಹುಡುಕಿದರೆ ಸಿಗದ ಪುಸ್ತಕವನ್ನು ಯಾರೂ ಒಯ್ಯುವುದಿಲ್ಲ. ಯಾರೂ ಒಯ್ಯದ ಪುಸ್ತಕ ವಿಲೇವಾರಿ ಪಟ್ಟಿಗೆ ಬರುತ್ತದೆ. ದೊಡ್ಡ ಗ್ರಂಥಾಲಯಗಳಲ್ಲಿ ಜಾಗ ಸಾಲುವುದಿಲ್ಲ. ವರ್ಷಗಟ್ಟಲೆ ಎರವಲು ಹೋಗದವನ್ನು ತೆಗೆಯುವುದು ತಪ್ಪಲ್ಲ, ಅದು ನಮ್ಮ ಕೆಲಸವೇ. ಆದರೆ ಆ ಸಲದ ಪಟ್ಟಿ ಹಿಡಿದು ಪುಸ್ತಕದ ಕಪಾಟುಗಳ ಸಾಲಿಗೆ ಹೋದ ನನಗೆ ಮೊದಲು ಕೈಗೆ ಸಿಕ್ಕಿದ್ದು ಮಂಗಳೂರಿನಲ್ಲಿ ಅಚ್ಚಾದ ಒಂದು ಹಳೆಯ ಪುಸ್ತಕ. ಒಳಪುಟದಲ್ಲಿ ನೇರಳೆ ಮಸಿಯ ದುಂಡು ಮೊಹರು, ಅದರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಹೆಸರು. ಅಂದರೆ 1956ರ ನವೆಂಬರ್ 1ಕ್ಕೂ ಹಿಂದಿನದು. ಆಗ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಇಲ್ಲಿನ ಗ್ರಂಥಾಲಯಗಳಿಗೆ 1948ರ ಮದರಾಸಿನ ಕಾಯ್ದೆಯೇ ಕಾಯ್ದೆ. ಈಗ ಕೇರಳದ 1989ರ ಕಾಯ್ದೆ. ಕಟ್ಟಡ ತೆರಿಗೆಯ ಜೊತೆ ನಾವೆಲ್ಲ ಕಟ್ಟುವ 5% ಗ್ರಂಥಾಲಯ ಸೆಸ್ ಅದರಿಂದ ಬಂದದ್ದು. ರಾಜ್ಯ ಬದಲಾಗಿ, ಕಾಯ್ದೆ ಬದಲಾಗಿ, ಅಷ್ಟು ಮಳೆಗಾಲ ದಾಟಿ ಬಂದ ಪುಸ್ತಕ ಒಂದು ಟೈಪಿಂಗ್ ತಪ್ಪಿನಿಂದ ತೂಕಕ್ಕೆ ಹೋಗುವುದರಲ್ಲಿತ್ತು. ಅವತ್ತು ನನಗೆ ನಿಜವಾಗಿ ಸಿಟ್ಟು ಬಂತು. ಪಟ್ಟಿಯಲ್ಲಿದ್ದ ಕನ್ನಡ ಪುಸ್ತಕಗಳನ್ನೆಲ್ಲ ತಡೆದು, ಒಂದೊಂದನ್ನೇ ಕೈಯಲ್ಲಿ ಹಿಡಿದು ಮತ್ತೆ ನಮೂದು ಮಾಡಲು ಕೂತೆವು.

ಆ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ನಾವು ಬಳಸುವುದು ಕೋಹಾ ತಂತ್ರಾಂಶ, ಕಾಸು ಕೊಡಬೇಕಿಲ್ಲ. ಅದರಲ್ಲಿ ಪ್ರತಿ ಪುಸ್ತಕಕ್ಕೂ ಮಾರ್ಕ್ 21 ಎಂಬ ಮಾದರಿಯಲ್ಲಿ ಒಂದು ದಾಖಲೆ. ದಾಖಲೆಯಲ್ಲಿ ಒಂದೊಂದು ಮಾಹಿತಿಗೆ ಒಂದೊಂದು ಸಂಖ್ಯೆಯ ಕೋಣೆ. 245ರಲ್ಲಿ ಶೀರ್ಷಿಕೆ. ಹೆಚ್ಚಿನ ಕಡೆ ಅಲ್ಲಿಗೇ ಕೆಲಸ ಮುಗಿಸಿಬಿಡುತ್ತಾರೆ. ಆದರೆ 246 ಎಂಬ ಇನ್ನೊಂದು ಕೋಣೆ ಇದೆ, ಪುಸ್ತಕದ ಬೇರೆ ಹೆಸರುಗಳಿಗಾಗಿ. 'ವಾಲಿ ವಧೆ'ಯ ದಾಖಲೆಯಲ್ಲಿ 'ವಾಲಿ ಮೋಕ್ಷ' ಎಂದು ಸೇರಿಸುವುದು ಅಲ್ಲಿ. 505ರಲ್ಲಿ ಪುಸ್ತಕದ ಒಳಗೆ ಏನೇನಿದೆ ಎಂದು ಬರೆಯಬಹುದು. ಸಂಪುಟದೊಳಗಿನ ಪ್ರಸಂಗಗಳ ಹೆಸರೆಲ್ಲ ಅಲ್ಲಿಗೆ ಹೋದವು. 880 ನಮ್ಮಂಥ ಊರಿಗೆಂದೇ ಮಾಡಿದ ಹಾಗಿದೆ. ಒಂದೇ ಮಾಹಿತಿಯನ್ನು ಇನ್ನೊಂದು ಲಿಪಿಯಲ್ಲೂ ಕೊಡಲು ಇರುವ ಜಾಗ ಅದು. ಕನ್ನಡ ಮಾತಾಡಲು ಬಂದರೂ ಓದಲು ಕಷ್ಟಪಡುವ ಮಕ್ಕಳು ಇಲ್ಲಿ ಜಾಸ್ತಿ. ಅವರು ಅಜ್ಜನಿಗಾಗಿ ಪುಸ್ತಕ ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲೇ.

ಲೇಖಕರ ಹೆಸರಿನದು ಬೇರೆ ಕಥೆ. ಕುವೆಂಪು ಒಂದು ಕಡೆ, ಕೆ. ವಿ. ಪುಟ್ಟಪ್ಪ ಇನ್ನೊಂದು ಕಡೆ ಇದ್ದರೆ ಓದುಗನಿಗೆ ಅರ್ಧ ಪುಸ್ತಕಗಳೇ ಕಾಣುವುದಿಲ್ಲ. ಬೇಂದ್ರೆ ಮತ್ತು ಅಂಬಿಕಾತನಯದತ್ತರನ್ನು ಜೋಡಿಸಬೇಕು. ಗೋವಿಂದ ಪೈಗಳನ್ನು 'ಮಂಜೇಶ್ವರ' ಎಂದು ಹುಡುಕಿದರೂ ಸಿಗಬೇಕು, 'ಪೈ' ಎಂದರೂ ಸಿಗಬೇಕು. ಅವರದೇ ಜಿಲ್ಲೆಯಲ್ಲವೇ ಇದು.

ಇನ್ನು ಕಪಾಟಿನ ವಿಚಾರ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಮಲಯಾಳ ಸಾಹಿತ್ಯ 894.812, ಕನ್ನಡ ಸಾಹಿತ್ಯ 894.814. ನಮ್ಮ ಊರಿನ ಹಾಗೆ ನೆರೆಕರೆ. ಆದರೆ ಆ ಪದ್ಧತಿಯಲ್ಲಿ ಅನುವಾದ ಮೂಲ ಭಾಷೆಯ ಸಂಖ್ಯೆಗೇ ಸೇರುತ್ತದೆ. ಮಲಯಾಳದಿಂದ ಕನ್ನಡಕ್ಕೆ ಬಂದ ಕಾದಂಬರಿ, ನಿಯಮದಂತೆ ಇಟ್ಟರೆ, ಮಲಯಾಳ ಪುಸ್ತಕಗಳ ನಡುವೆ ನಿಲ್ಲಬೇಕು. ಅಲ್ಲಿಗೆ ಕನ್ನಡ ಓದುಗ ಹೋಗುವುದೇ ಇಲ್ಲ. ಎರಡೂ ಭಾಷೆಯ ಅನುವಾದಕರು ಇರುವ ಈ ಜಿಲ್ಲೆಯಲ್ಲಿ ಇದು ಸಣ್ಣ ನಷ್ಟವಲ್ಲ. ನಾವು ಸಂಖ್ಯೆಯನ್ನು ಹಾಗೇ ಇಟ್ಟು, ಕಪಾಟನ್ನು ಮೊದಲು ಓದುವ ಭಾಷೆಯ ಪ್ರಕಾರ ವಿಂಗಡಿಸಿದೆವು. ಪಂಡಿತರು ಒಪ್ಪಲಿಕ್ಕಿಲ್ಲ. ಓದುಗರ ಸಮಯ ಉಳಿಸಿ ಎಂದು 1931ರಲ್ಲೇ ಸೂತ್ರ ಬರೆದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಒಪ್ಪುತ್ತಿದ್ದರು ಎಂದು ನನ್ನ ನಂಬಿಕೆ. ಅವರು 1917ರಲ್ಲಿ ಅಧ್ಯಾಪಕ ವೃತ್ತಿ ಶುರು ಮಾಡಿದ್ದು ಇಲ್ಲೇ ಹತ್ತಿರ, ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಗಣಿತ ಕಲಿಸುತ್ತಾ.

ಪ್ರಸಂಗ ಪುಸ್ತಕಗಳನ್ನು ಸಾಹಿತ್ಯ ಎನ್ನಬೇಕೋ, ರಂಗಕಲೆ ಎನ್ನಬೇಕೋ? ತುಂಬ ಚರ್ಚೆ ಮಾಡಿದೆವು. ಪದ್ಯದ ಪುಸ್ತಕಗಳೆಲ್ಲ ಕನ್ನಡ ನಾಟಕದ ಜೊತೆ 894.8142ಕ್ಕೆ, ಯಕ್ಷಗಾನದ ಬಗ್ಗೆ ಬರೆದವು 792ಕ್ಕೆ ಎಂದು ತೀರ್ಮಾನವಾಯಿತು. ಬೆನ್ನಿಗೆ ಚೀಟಿ ಅಂಟಿಸಲೂ ಜಾಗವಿಲ್ಲದಷ್ಟು ತೆಳ್ಳಗಿನವು ರಟ್ಟಿನ ಪೆಟ್ಟಿಗೆಯಲ್ಲಿ ನಿಂತಿವೆ.

ಕಪಾಟು ಜೋಡಿಸುವ ಸಹಾಯಕಿಗೆ ಮಲಯಾಳ ಮಾತ್ರ ಗೊತ್ತಿತ್ತು. ಆದರೆ ಎರಡೂ ಭಾಷೆಯ ವರ್ಣಮಾಲೆಯ ಸಾಲು ಹೆಚ್ಚುಕಡಿಮೆ ಒಂದೇ. ಅಕ್ಷರದ ಆಕಾರ ಮಾತ್ರ ಬೇರೆ. ಒಂದು ಹಾಳೆಯಲ್ಲಿ ಎರಡೂ ಅಕ್ಷರಗಳನ್ನು ಜೋಡಿ ಜೋಡಿಯಾಗಿ ಬರೆದು ಕಪಾಟಿನ ಬದಿಗೆ ಅಂಟಿಸಿದೆ. ಮೂರೇ ವಾರದಲ್ಲಿ ಅವರು 'ಘ' ಮತ್ತು 'ಫ' ಬಿಟ್ಟು ಉಳಿದೆಲ್ಲ ತಪ್ಪಿಲ್ಲದೆ ಜೋಡಿಸುತ್ತಿದ್ದರು. ಈಗ ಅವರೇ ಹೊಸಬರಿಗೆ ಕಲಿಸುತ್ತಾರೆ.

ಮಳೆಯ ಬಗ್ಗೆ ಹೇಳದೆ ಇರಲಾಗದು. ಇಲ್ಲಿ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಸುರಿಯುತ್ತದೆ. ಕಪಾಟನ್ನು ಗೋಡೆಗೆ ತಾಗಿಸಬೇಡಿ, ಒಂದು ಗೇಣು ಜಾಗ ಬಿಡಿ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಒದ್ದೆಯಾದದ್ದನ್ನು ಬಿಸಿಲಿಗೆ ಇಡಬೇಡಿ, ಪುಟಗಳ ನಡುವೆ ಬಿಳಿ ಕಾಗದ ಇಟ್ಟು ಫ್ಯಾನಿನ ಗಾಳಿಗೆ ಒಣಗಿಸಿ. ಹಳೆಯ ಹಾಳೆಗೆ ಸೆಲ್ಲೋಟೇಪ್ ಅಂತೂ ಬೇಡವೇ ಬೇಡ.

ನಮ್ಮ ಓದುವ ಕೋಣೆ ತುಂಬುವುದು ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರಿಂದ. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಈ ಜಿಲ್ಲೆಯಲ್ಲಿ ಹುದ್ದೆಗಳಿವೆ. ಅವರು ಕೇಳುವ ಕನ್ನಡ ಪುಸ್ತಕಕ್ಕೆ ಮಂಗಳೂರಿಗೆ 50 ಕಿ.ಮೀ. ಹೋಗಬೇಕಾಗುತ್ತದೆ. ಕರ್ನಾಟಕ ತನ್ನ ಗ್ರಂಥಾಲಯಗಳಿಗೆ ಮಾಡುವ ಸಗಟು ಖರೀದಿ ಗಡಿಯ ತಲಪಾಡಿ ದಾಟಿ ಬರುವುದಿಲ್ಲ. ಹಾಗಾಗಿ ಕೊಳ್ಳುವ ಪಟ್ಟಿಯನ್ನು ನಾನು ಕೌಂಟರಿನಲ್ಲೇ ಮಾಡುತ್ತೇನೆ. ಓದುಗ ಕೇಳಿ ಸಿಗದ ಪುಸ್ತಕದ ಹೆಸರು ಒಂದು ನೋಟುಪುಸ್ತಕಕ್ಕೆ ಹೋಗುತ್ತದೆ. ನೀವೂ ಸುಮ್ನೆ ವಾಪಸು ಹೋಗಬೇಡಿ. ಪರದೆಯಲ್ಲಿ ಇಲ್ಲ ಎಂದರೆ "ಬೇರೆ ಹೆಸರಲ್ಲಿ ಇದೆಯಾ, ನೋಡಿ" ಎಂದು ಒಮ್ಮೆ ಕೇಳಿ.

ಕಳೆದ ಆಟಿಯಲ್ಲಿ ಬದಿಯಡ್ಕ ಕಡೆಯ ಹಿರಿಯರೊಬ್ಬರು ಬಂದಿದ್ದರು. ಈ ಸಲ ಹೆಸರು ಹೇಳಿದ ಕೂಡಲೇ ಪೆಟ್ಟಿಗೆಯಿಂದ ಪುಸ್ತಕ ತೆಗೆದು ಕೊಟ್ಟೆ. ಅವರು ನಿಂತಲ್ಲೇ ಪುಟ ತಿರುವಿ, ಒಂದು ಪದ್ಯವನ್ನು ಸಣ್ಣ ದನಿಯಲ್ಲಿ ಹಾಡಿಯೇ ಬಿಟ್ಟರು. ಆಮೇಲೆ ಮುಖಪುಟ ನೋಡಿ, "ನಮ್ಮಲ್ಲಿ ಇದನ್ನು ವಾಲಿ ಸುಗ್ರೀವರ ಕಾಳಗ ಅಂತ ಹೇಳುವುದು" ಎಂದರು. ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಹೆಸರನ್ನೂ 246ಕ್ಕೆ ಸೇರಿಸಿದೆ.