78 ಸಾವಿರದ ಸಬ್ಸಿಡಿಗೆ ಎಷ್ಟು ಯೂನಿಟ್?

ಮನೆಯ ತಾರಸಿ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದರೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕೇಂದ್ರ ಸರ್ಕಾರ 78,000 ರೂಪಾಯಿ ಸಬ್ಸಿಡಿ ಕೊಡುತ್ತದೆ. ಅದು ನಮ್ಮೆಲ್ಲರ ತೆರಿಗೆ ದುಡ್ಡು. ಪ್ರತಿಯಾಗಿ ಏನು ಸಿಗುತ್ತದೆ, ಲೆಕ್ಕ ಹಾಕೋಣ.

ನಮ್ಮ ಬಿಸಿಲಿಗೆ ಒಂದು ಕಿಲೋವಾಟ್ ಪ್ಯಾನೆಲ್‌ನಿಂದ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಮೂರಕ್ಕೆ 12. ಕೂತ ಧೂಳು, ಹಳೆಯದಾದಂತೆ ಇಳಿಯುವ ಉತ್ಪಾದನೆ ಎಲ್ಲ ಕಳೆದು ವರ್ಷಕ್ಕೆ 4,200 ಯೂನಿಟ್ ಅನ್ನಿ. 25 ವರ್ಷಕ್ಕೆ 1,05,000 ಯೂನಿಟ್. ಸಬ್ಸಿಡಿಯನ್ನು ಇದರಿಂದ ಭಾಗಿಸಿದರೆ ಯೂನಿಟ್‌ಗೆ ಸುಮಾರು 75 ಪೈಸೆ. ಅಗ್ಗ ಅಲ್ವಾ?

ಆದರೆ ದುಡ್ಡು ಹೋಗುವುದು ಇವತ್ತು, ಕರೆಂಟು ಬರುವುದು 25 ವರ್ಷ ಸ್ವಲ್ಪ ಸ್ವಲ್ಪವಾಗಿ. ಆ ದುಡ್ಡಿಗೆ ಶೇ 8ರ ಬಡ್ಡಿ ಹಿಡಿದು ಲೆಕ್ಕ ಮಾಡಿದರೆ ಯೂನಿಟ್‌ಗೆ ಒಂದೂ ಮುಕ್ಕಾಲು ರೂಪಾಯಿ ಬೀಳುತ್ತದೆ. ಸಬ್ಸಿಡಿಯ ನಿಜವಾದ ಬೆಲೆ ಇದು.

ಕಲ್ಲಿದ್ದಲಿನಿಂದ ಒಂದು ಯೂನಿಟ್ ಮಾಡಿದರೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಜೊತೆಗೆ ಹಾರುಬೂದಿ. ರಾಯಚೂರಿನ ಶಕ್ತಿನಗರದಂಥ ಸ್ಥಾವರಗಳ ಸುತ್ತ ಬದುಕುವವರು ತೆರುವ ಈ ಬೆಲೆ ಯಾರ ಕರೆಂಟ್ ಬಿಲ್ಲಿನಲ್ಲೂ ಇಲ್ಲ. ಅದನ್ನು ಲೆಕ್ಕಕ್ಕೆ ಹಿಡಿದರೆ ಒಂದೂ ಮುಕ್ಕಾಲು ರೂಪಾಯಿ ದುಬಾರಿ ಅನ್ನಿಸುವುದಿಲ್ಲ.

ನನ್ನ ತಕರಾರು ಬೇರೆ. ಸಬ್ಸಿಡಿ ಇಲ್ಲದಿದ್ದರೂ ಪ್ಯಾನೆಲ್ ಹಾಕಿಸುತ್ತಿದ್ದವರಿಗೆ ಕೊಟ್ಟ ದುಡ್ಡಿನಿಂದ ಹೊಸದಾಗಿ ಒಂದು ಯೂನಿಟ್ಟೂ ಹುಟ್ಟುವುದಿಲ್ಲ. ಕರ್ನಾಟಕದಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ಒಳಗಿನ ಬಳಕೆ, ಪ್ರತಿ ಮನೆಗೆ ಗೊತ್ತುಮಾಡಿದ ಮಿತಿವರೆಗೆ, ಉಚಿತ. ಬಿಲ್ಲು ಸೊನ್ನೆ ಬರುವ ಮನೆಯವರು ಕೈಯಿಂದ ದುಡ್ಡು ಹಾಕಿ ಸೋಲಾರ್ ಯಾಕೆ ಹಾಕಿಸುತ್ತಾರೆ? ಮುಂದೆ ಬರುವವರು ಜಾಸ್ತಿ ಕರೆಂಟು ಉರಿಸುವ, ಸ್ವಂತ ತಾರಸಿ ಇರುವ ಅನುಕೂಲಸ್ಥರು. ಒಂದು ಸಬ್ಸಿಡಿ ಇನ್ನೊಂದರ ಕಾಲಿಗೆ ಅಡ್ಡ ಬಂದಿದೆ.

ಅದೇ ಬಿಸಿಲಿಗೆ ಇನ್ನೊಂದು ದಾರಿ ಇದೆ. ರೈತರಿಗಾಗಿ ಇರುವ ಕೇಂದ್ರದ ಕುಸುಮ್ ಸೋಲಾರ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರ್‌ಗಳಿಗೆ, ಅಂದರೆ ಪಂಪ್‌ಸೆಟ್‌ಗಳಿಗೆ ಕರೆಂಟು ಒಯ್ಯುವ ಲೈನ್‌ಗಳಿಗೆ, ಸೋಲಾರ್ ಹಾಕಿದರೆ ಕೇಂದ್ರದ ನೆರವು ಮೆಗಾವಾಟ್‌ಗೆ 1.05 ಕೋಟಿ ರೂಪಾಯಿವರೆಗೆ, ಅಂದರೆ ಕಿಲೋವಾಟ್‌ಗೆ 10,500. ತಾರಸಿಯದ್ದು ಕಿಲೋವಾಟ್‌ಗೆ 26,000. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಖರ್ಚು ರಾಜ್ಯ ಸರ್ಕಾರದ್ದು. ಫೀಡರ್ ಪಕ್ಕದಲ್ಲೇ ಕಡಿಮೆ ದರದ ಕರೆಂಟು ಹುಟ್ಟಿದರೆ ಆ ಖರ್ಚು ಇಳಿಯುತ್ತದೆ. ರೈತರಿಗೆ ಹಗಲಲ್ಲೇ ತ್ರೀಫೇಸ್ ಸಿಗುತ್ತದೆ. ಕತ್ತಲಲ್ಲಿ ಹಾವು ಚೇಳಿನ ಭಯದಲ್ಲಿ ಮೋಟಾರ್ ಹಾಕಲು ಹೋಗುವುದು ತಪ್ಪುತ್ತದೆ. ಸಬ್ಸಿಡಿಯ ದುಡ್ಡು ಮೊದಲು ಹೋಗಬೇಕಾದ್ದು ಇಲ್ಲಿಗೆ.

ತಾರಸಿಗೂ ಕೊಡಬೇಕು, ಆದರೆ ಗೃಹಜ್ಯೋತಿ ಬಿಟ್ಟುಕೊಡಲು ಒಪ್ಪುವ ಮನೆಗಳಿಗೆ ಜಾಸ್ತಿ ಕೊಡಲಿ. ಅವರ ಉಚಿತ ಬಿಲ್ಲಿನಿಂದ ಪ್ರತಿ ತಿಂಗಳು ಉಳಿಯುವ ದುಡ್ಡನ್ನೇ ರಾಜ್ಯ ಸರ್ಕಾರ ಮುಂಗಡವಾಗಿ ಪ್ಯಾನೆಲ್‌ಗೆ ಕೊಡಬಹುದು.