ಬೆಟ್ಟದ ತಪ್ಪಲಿನ ಮಕ್ಕಳು ಮತ್ತು ಒಂದು ಚಿಟಿಕೆ ಅಯೋಡಿನ್

ಚೀನಾದ ಈಶಾನ್ಯ ಮೂಲೆಯ ಹೈಲಾಂಗ್‌ಜಿಯಾಂಗ್ ಪ್ರಾಂತದಲ್ಲಿ ಜಿಶಿಯನ್ ಎಂಬ ಹಳ್ಳಿಯಿದೆ. 1978ರಲ್ಲಿ ಅಲ್ಲಿ ಸುಮಾರು 1,300 ಜನರಿದ್ದರು. ಅವರಲ್ಲಿ ನೂರಕ್ಕೆ ಹನ್ನೊಂದು ಮಂದಿ ಹುಟ್ಟಿನಿಂದಲೇ ತೀವ್ರ ಬೌದ್ಧಿಕ ಅಂಗವೈಕಲ್ಯ ಹೊತ್ತವರು. ಸುತ್ತಲಿನವರು ಅದನ್ನು ಪೆದ್ದರ ಹಳ್ಳಿ ಎಂದೇ ಕರೆಯುತ್ತಿದ್ದರು, ಆ ಊರಿಗೆ ಹೆಣ್ಣು ಕೊಡಲು ಹಿಂದೇಟು ಹಾಕುತ್ತಿದ್ದರು. ಆ ಭಾಗದ ಹದಿನಾಲ್ಕು ಶಾಲೆಗಳ ಪೈಕಿ ಜಿಶಿಯನ್ ಶಾಲೆಯದು ಹದಿನಾಲ್ಕನೆಯ ಸ್ಥಾನ. ಆ ವರ್ಷ ಊರಿಗೆ ಅಯೋಡಿನ್ ಬೆರೆಸಿದ ಉಪ್ಪು ಬಂತು. 1986ರ ಹೊತ್ತಿಗೆ ಶಾಲೆ ಮೂರನೆಯ ಸ್ಥಾನಕ್ಕೆ ಏರಿತ್ತು. ಉಪ್ಪು ಬಂದ ಮೇಲೆ ಹುಟ್ಟಿದ ಮಕ್ಕಳಲ್ಲಿ ಒಬ್ಬರಿಗೂ ಆ ತೀವ್ರ ತೊಂದರೆ ಕಾಣಿಸಲಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಉಪ್ಪಿನ ಮಹಿಮೆಯನ್ನು ಹೊಗಳಿ ನಿಲ್ಲಿಸುತ್ತಾರೆ. ನನ್ನ ಕಣ್ಣು ಹೋಗುವುದು ಇಸವಿಯ ಕಡೆಗೆ. ಇದೇ ಉಪ್ಪು ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿಗಳಿಗೆ ಬಂದದ್ದು 1922ರಲ್ಲಿ. ಜಿಶಿಯನ್‌ಗೆ ತಲುಪಲು ಅದು ಇನ್ನೂ 56 ವರ್ಷ ತೆಗೆದುಕೊಂಡಿತು.

ಮಗುವಿನ ಬೌದ್ಧಿಕ ಅಂಗವೈಕಲ್ಯಕ್ಕೆ ಕಾರಣಗಳು ಹಲವು. ವರ್ಣತಂತುಗಳ ವ್ಯತ್ಯಾಸ, ಹೆರಿಗೆಯ ಹೊತ್ತಿನಲ್ಲಿ ಉಸಿರುಗಟ್ಟುವುದು, ಮಿದುಳು ಜ್ವರ, ಸೀಸದ ವಿಷ, ಬಸುರಿಯ ಅಪೌಷ್ಟಿಕತೆ. ಶ್ರೀಮಂತ ದೇಶಗಳಲ್ಲಿ ತಡೆಯಲಾಗದ ಆನುವಂಶಿಕ ಕಾರಣಗಳ ಪಾಲು ದೊಡ್ಡದು. ಬಡ ದೇಶಗಳ ಹಳ್ಳಿಗಳಲ್ಲಿ ತಡೆಯಬಹುದಾದ ಕಾರಣಗಳೂ ಅದರ ಜೊತೆಗೆ ಬಂದು ಕೂರುತ್ತವೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಸಾವಿರಕ್ಕೆ ಸುಮಾರು 9 ಮಂದಿಗೆ ಈ ಸ್ಥಿತಿಯಿದ್ದರೆ, ಬಡ ದೇಶಗಳಲ್ಲಿ ಸಾವಿರಕ್ಕೆ ಸುಮಾರು 16. ತಡೆಯಬಹುದಾದ ಕಾರಣಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು, ಅತ್ಯಂತ ಅಗ್ಗದಲ್ಲಿ ನಿವಾರಣೆಯಾಗುವಂಥದ್ದು ಅಯೋಡಿನ್ ಕೊರತೆ. ಆದ್ದರಿಂದಲೇ ಅದರ ಚರಿತ್ರೆ ಉಳಿದವುಗಳ ಚರಿತ್ರೆಗಿಂತ ಹೆಚ್ಚು ಮುಜುಗರ ತರುತ್ತದೆ.

ಆಲ್ಪ್ಸ್ ಕಣಿವೆಗಳಲ್ಲಿ ಕುತ್ತಿಗೆಯಲ್ಲಿ ಗಳಗಂಡ, ಅಂದರೆ ಊದಿದ ಥೈರಾಯ್ಡ್ ಗ್ರಂಥಿ, ತೂಗುವ ಜನರೂ, ಕುಳ್ಳಗಿನ, ಕಿವಿ ಕೇಳದ, ಮಾತು ಬಾರದ ಮಕ್ಕಳೂ ಎಷ್ಟು ಸಾಮಾನ್ಯವಾಗಿದ್ದರೆಂದರೆ ಅವರಿಗೊಂದು ಹೆಸರೇ ಹುಟ್ಟಿಕೊಂಡಿತು: ಕ್ರೆಟಿನ್. ‘ಕ್ರೈಸ್ತ’ ಎಂಬ ಪದದ ಸ್ಥಳೀಯ ರೂಪದಿಂದ ಅದು ಬಂತೆಂದು ಬಹುತೇಕ ಭಾಷಾತಜ್ಞರು ಹೇಳುತ್ತಾರೆ. ಇವನೂ ದೇವರ ಮನುಷ್ಯನೇ ಎಂಬ ಕರುಣೆ ಅದರಲ್ಲಿತ್ತು. ಕರುಣೆಯ ಪದ ಬೈಗುಳವಾಗಲು ಬಹಳ ಕಾಲ ಬೇಕಾಗಲಿಲ್ಲ. 1811ರಲ್ಲಿ ನೆಪೋಲಿಯನ್‌ನ ಆಡಳಿತ ಇಂದಿನ ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತದಲ್ಲಿ ತಲೆ ಎಣಿಸಿದಾಗ 70,000 ನಿವಾಸಿಗಳಲ್ಲಿ 4,000 ಮಂದಿ ಕ್ರೆಟಿನ್‌ಗಳಿದ್ದರು. ಕಾಕತಾಳೀಯವೆಂದರೆ ಅದೇ ವರ್ಷ ಫ್ರಾನ್ಸಿನಲ್ಲಿ ಬರ್ನಾರ್ ಕೂರ್ತ್ವಾ ಕಡಲ ಪಾಚಿಯ ಬೂದಿಯಲ್ಲಿ ನೇರಳೆ ಹೊಗೆ ಎಬ್ಬಿಸುವ ಹೊಸ ವಸ್ತುವೊಂದನ್ನು ಕಂಡಿದ್ದ. ಅದೇ ಅಯೋಡಿನ್. ರೋಗದ ಲೆಕ್ಕವೂ ಮದ್ದಿನ ಪತ್ತೆಯೂ ಒಂದೇ ವರ್ಷ ಸಿಕ್ಕವು, ಎರಡನ್ನೂ ಜೋಡಿಸಲು ಮಾತ್ರ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಸುಳಿವುಗಳಿಗೇನೂ ಬರವಿರಲಿಲ್ಲ. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಗಳಗಂಡಕ್ಕೆ ಅಯೋಡಿನ್ ಕೊಟ್ಟು ನೋಡಿದ, ಗೆಡ್ಡೆಗಳು ಕುಗ್ಗಿದವು. ಆದರೆ ಪ್ರಮಾಣ ಹೆಚ್ಚಾಗಿ ಹಲವರು ಹೊಸ ಕಾಯಿಲೆ ಬಿದ್ದರು, ಮದ್ದಿಗೆ ಕೆಟ್ಟ ಹೆಸರು ಬಂತು. 1850ರ ದಶಕದಲ್ಲಿ ಫ್ರಾನ್ಸಿನ ಶಾತ್ಯಾ ನೀರು, ಮಣ್ಣುಗಳಲ್ಲಿನ ಅಯೋಡಿನ್ ಅಳೆದು, ಅದು ಕಡಿಮೆಯಿರುವಲ್ಲಿ ಗಳಗಂಡ ಹೆಚ್ಚು ಎಂದಾಗ ಅಲ್ಲಿನ ವಿಜ್ಞಾನ ಅಕಾಡೆಮಿ ಒಪ್ಪಲಿಲ್ಲ. ಇಷ್ಟು ಅಲ್ಪ ಪ್ರಮಾಣದ ವಸ್ತು ಇಷ್ಟು ದೊಡ್ಡ ಅನಾಹುತ ಮಾಡೀತೇ ಎಂಬುದು ಅಂದಿನ ಪಂಡಿತರ ಅನುಮಾನ.

ಹಿಮಾಲಯದ ಬೆನ್ನಿಗಿರುವ ಗಿಲ್ಗಿಟ್‌ನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಸೇನಾ ವೈದ್ಯ ಇನ್ನೊಂದು ದಾರಿ ಹಿಡಿದಿದ್ದ. ಅಲ್ಲಿ ಒಂದೇ ನೀರಿನ ಕಾಲುವೆ ಎಂಟು ಊರುಗಳನ್ನು ಒಂದಾದ ಮೇಲೊಂದು ಹಾದು ಹರಿಯುತ್ತಿತ್ತು. ಮೇಲಿನ ಊರಲ್ಲಿ ಗಳಗಂಡ ಕಡಿಮೆ, ಕೆಳಕ್ಕಿಳಿದಂತೆ ಹೆಚ್ಚು. ನೀರಿನ ಕೊಳೆಯೇ ಕಾರಣವಿರಬೇಕೆಂದು ಅವನು ಆ ನೀರಿನ ಗಸಿಯನ್ನು ಸೋಸಿ ತೆಗೆದು ತಾನೇ ಕುಡಿದ, ಒಪ್ಪಿಗೆ ಕೊಟ್ಟ ಬೇರೆಯವರಿಗೂ ಕುಡಿಸಿದ. ಕೆಲವರ ಕುತ್ತಿಗೆ ಊದಿಕೊಂಡಿತು. 1908ರಲ್ಲಿ ಚಿತ್ರಾಲ್ ಮತ್ತು ಗಿಲ್ಗಿಟ್ ಕಣಿವೆಗಳ 203 ಕ್ರೆಟಿನ್‌ಗಳನ್ನು ವಿವರಿಸಿ ಅವನು ಬರೆದ ವರದಿ ಇಂದಿಗೂ ಓದಲು ಯೋಗ್ಯ. ನರಮಂಡಲ ಕೆಟ್ಟ ಬಗೆ ಬೇರೆ, ಬೆಳವಣಿಗೆ ಕುಂಠಿತವಾದ ಬಗೆ ಬೇರೆ ಎಂದು ವಿಂಗಡಿಸಿದವನೂ ಅವನೇ. ನೋಟ ಅಷ್ಟು ಚೊಕ್ಕ, ತೀರ್ಮಾನ ಮಾತ್ರ ದಾರಿ ತಪ್ಪಿತ್ತು. ಮುಂದೆ ಕೂನೂರಿನಲ್ಲಿ ಅವನು ಶುರುಮಾಡಿದ ಪ್ರಯೋಗಾಲಯವೇ ಬೆಳೆದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಸರಿಯಾದ ಉತ್ತರ ಮಣ್ಣಿನಲ್ಲಿತ್ತು. ಹಿಮನದಿಗಳೂ ಮಳೆಯೂ ನೆರೆಯೂ ಸಾವಿರಾರು ವರ್ಷ ಮೇಲ್ಮಣ್ಣಿನ ಅಯೋಡಿನ್ ತೊಳೆದು ಕಡಲಿಗೆ ಸೇರಿಸಿವೆ. ತಾನು ಬೆಳೆದದ್ದನ್ನೇ ತಿನ್ನುವ ಊರಿಗೆ ಅದು ಬೇರೆ ದಾರಿಯಿಂದ ಸಿಗುವುದಿಲ್ಲ. ನಗರಕ್ಕಾದರೆ ನಾಲ್ಕು ದಿಕ್ಕಿನ ಆಹಾರ ಬರುತ್ತದೆ. ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನು ತಯಾರಿಸಲು ಅಯೋಡಿನ್ ಬೇಕೇ ಬೇಕು. ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಸ್ವಂತ ಥೈರಾಯ್ಡ್ ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ, ತಾಯಿಯ ಹಾರ್ಮೋನೇ ಗತಿ. ಮಿದುಳಿನ ನರಕೋಶಗಳು ಹುಟ್ಟಿ ತಮ್ಮ ತಮ್ಮ ಜಾಗಕ್ಕೆ ಸರಿಯುವುದು ಆಗಲೇ. ಆ ಹೊತ್ತು ತಪ್ಪಿದರೆ ಹುಟ್ಟಿದ ಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಆದ ನಷ್ಟ ಪೂರ್ತಿ ತುಂಬದು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದವರಿಗೆ ಇದೆಲ್ಲ ಗೊತ್ತಿರಲಿಲ್ಲ, ಆದರೆ ಜೋಡಿ ಸರಿಯಾಗಿಯೇ ಕೂಡಿಬಂದಿದೆ. ಇಡೀ ಜೀವಮಾನಕ್ಕೆ ಒಬ್ಬ ಮನುಷ್ಯನಿಗೆ ಬೇಕಾಗುವ ಅಯೋಡಿನ್ ಒಂದು ಟೀ ಚಮಚದಷ್ಟು.

ಇನ್ನು ಪುರಾವೆಯ ಮಾತು. 1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ಹಂಚಿಕೊಂಡು ಎರಡಕ್ಕೆ ಅಯೋಡಿನ್ ಇರುವ ಉಪ್ಪು, ಒಂದಕ್ಕೆ ಸಾದಾ ಉಪ್ಪು ಸರಬರಾಜು ಮಾಡಿದರು. ಆರಂಭದಲ್ಲಿ ಮೂರೂ ಕಡೆ ನೂರರಲ್ಲಿ ಹತ್ತಿರ ಹತ್ತಿರ ನಲವತ್ತು ಮಂದಿಗೆ ಗಳಗಂಡವಿತ್ತು. 1962ಕ್ಕೆ ಅಯೋಡಿನ್ ಸಿಕ್ಕ ವಲಯಗಳಲ್ಲಿ ಅದು ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿದಿತ್ತು, ಸಾದಾ ಉಪ್ಪಿನ ವಲಯದಲ್ಲಿ ಇದ್ದಲ್ಲೇ ಇತ್ತು. ಆಮೇಲೆ ಆ ವಲಯಕ್ಕೂ ಅಯೋಡಿನ್ ಕೊಟ್ಟರು. ಆದರೆ ಗಳಗಂಡ ಕಣ್ಣಿಗೆ ಕಾಣುವ ರೋಗ. ಮಿದುಳಿನ ಮಾತು ಇನ್ನೂ ಬಾಕಿಯಿತ್ತು.

ಅದಕ್ಕೆ ಉತ್ತರ ಬಂದದ್ದು ಪಪುವಾ ನ್ಯೂಗಿನಿಯ ಜಿಮಿ ಕಣಿವೆಯಿಂದ. ಈಗೀಗ ಇಂಥ ಮಕ್ಕಳು ಹೆಚ್ಚು ಹುಟ್ಟುತ್ತಿದ್ದಾರೆ, ಬಿಳಿಯರು ಬಂದ ಮೇಲೆ ಹೀಗಾಗಿದೆ ಎಂದು ಅಲ್ಲಿನವರು ಹೇಳುತ್ತಿದ್ದರು. ಅಜ್ಞಾನಿಗಳ ಮಾತೆಂದು ತಳ್ಳಿಹಾಕುವುದು ಸುಲಭವಿತ್ತು. ಅಲ್ಲಿ ಕೆಲಸ ಮಾಡಿದ ವೈದ್ಯ ಪೀಟರ್ ಫರೋವಾ ಅದನ್ನು ತಳ್ಳಲಿಲ್ಲ: ಹಿಂದೆ ಅವರು ಅಯೋಡಿನ್ ಸಮೃದ್ಧವಾದ ಬುಗ್ಗೆಗಳ ಉಪ್ಪನ್ನು ವಿನಿಮಯದಲ್ಲಿ ಪಡೆಯುತ್ತಿದ್ದರು, ಹೊರಗಿನಿಂದ ಬಂದ ಶುಭ್ರ ಉಪ್ಪು ಅದನ್ನು ಮೂಲೆಗೆ ತಳ್ಳಿತು ಎಂಬ ವಿವರಣೆಯನ್ನು ಮುಂದಿಟ್ಟ. 1966ರಲ್ಲಿ ಒಂದು ಕುಟುಂಬ ಬಿಟ್ಟು ಒಂದು ಕುಟುಂಬಕ್ಕೆ ಅಯೋಡಿನ್ ಎಣ್ಣೆಯ ಚುಚ್ಚುಮದ್ದು ಕೊಟ್ಟು, ಉಳಿದವರಿಗೆ ಬರೀ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟರು. ಅಯೋಡಿನ್ ಸಿಗದ ತಾಯಂದಿರ 534 ಮಕ್ಕಳಲ್ಲಿ 26 ಕ್ರೆಟಿನ್‌ಗಳು. ಸಿಕ್ಕವರ 498 ಮಕ್ಕಳಲ್ಲಿ 7. ಆ ಏಳರಲ್ಲೂ ಆರು ಮಕ್ಕಳ ತಾಯಂದಿರು ಚುಚ್ಚುಮದ್ದಿನ ದಿನಕ್ಕಾಗಲೇ ಬಸುರಿಯರಾಗಿದ್ದರು. ಗರ್ಭ ಕಟ್ಟುವ ಮೊದಲೇ ಅಯೋಡಿನ್ ಮೈಗೆ ಸೇರಿರಬೇಕೆಂಬುದು ಅಲ್ಲಿಗೆ ಸಾಬೀತಾಯಿತು. ಬರೀ ಉಪ್ಪುನೀರು ಸಿಕ್ಕ ತಾಯಂದಿರ ಆ 26 ಮಕ್ಕಳ ಲೆಕ್ಕವನ್ನು ಓದುವಾಗ ಮನಸ್ಸು ಕಲಕದೆ ಇರುವುದಿಲ್ಲ. ಇಂದಿನ ಯಾವ ನೀತಿ ಸಮಿತಿಯೂ ಅಂಥ ಪ್ರಯೋಗಕ್ಕೆ ಸುಲಭವಾಗಿ ಒಪ್ಪಲಾರದು.

ಭಾರತದ ಗಳಗಂಡ ನಿಯಂತ್ರಣ ಕಾರ್ಯಕ್ರಮ 1962ರಲ್ಲೇ ಶುರುವಾದರೂ ಎರಡು ದಶಕ ಅದು ಗಳಗಂಡದ ಜಿಲ್ಲೆಗಳಿಗಷ್ಟೇ ಸೀಮಿತವಾಗಿತ್ತು. ಎಲ್ಲ ತಿನ್ನುವ ಉಪ್ಪಿಗೂ ಅಯೋಡಿನ್ ಎಂಬ ತೀರ್ಮಾನ ಬಂದದ್ದು 1984ರಲ್ಲಿ. 1998ರಲ್ಲಿ ಜಾರಿಗೆ ಬಂದ ರಾಷ್ಟ್ರಮಟ್ಟದ ನಿಯಮವನ್ನು 2000ದಲ್ಲಿ ಹಿಂತೆಗೆದುಕೊಂಡರು. ಆರೋಗ್ಯದ ವಿಷಯವನ್ನು ಜನರ ತಿಳಿವಳಿಕೆಯ ಆಯ್ಕೆಗೆ ಬಿಡಬೇಕೆಂಬುದು ಸಮರ್ಥನೆ. 2006ರಲ್ಲಿ ಮತ್ತೆ ತಂದರು. ಗರ್ಭದ ಮೂರನೆಯ ತಿಂಗಳಲ್ಲಿ, ಬಸುರಿಗೇ ಗೊತ್ತಾಗದಂತೆ ನಡೆಯುವ ನಷ್ಟದ ವಿಷಯದಲ್ಲಿ ಆಯ್ಕೆ ಎಂದರೇನೋ ನನಗೆ ಅರ್ಥವಾಗಿಲ್ಲ. 2018–19ರ ಸಮೀಕ್ಷೆಯಲ್ಲಿ ದೇಶದ ನೂರರಲ್ಲಿ 76 ಮನೆಗಳ ಉಪ್ಪಿನಲ್ಲಿ ಸಾಕಷ್ಟು ಅಯೋಡಿನ್ ಇತ್ತು.

ಜಿಮಿ ಕಣಿವೆಗೆ ಸಂಶೋಧಕರು ಆಮೇಲೂ ಹೋದರು. ಈ ಸಲ ಅವರು ನೋಡಿದ್ದು ಕ್ರೆಟಿನ್‌ಗಳನ್ನಲ್ಲ, ಯಾವ ತೊಂದರೆಯೂ ಇಲ್ಲವೆಂದು ಕಾಣುವ ಮಕ್ಕಳನ್ನು. ಮಣಿ ಪೋಣಿಸುವುದು, ರಂಧ್ರಗಳಿಗೆ ಗೂಟ ಸಿಕ್ಕಿಸುವುದು ಇಂಥ ಆಟಗಳನ್ನು ಆಡಿಸಿದರು. ತಾಯಿಗೆ ಅಯೋಡಿನ್ ಸಿಗದಿದ್ದ ಮಕ್ಕಳ ಬೆರಳುಗಳು ನಿಧಾನ. ಅಂದರೆ ಕೊರತೆ ಹತ್ತಾರು ಮಕ್ಕಳನ್ನು ಮಾತ್ರ ಹಿಡಿದು ಉಳಿದವರನ್ನು ಬಿಟ್ಟಿರಲಿಲ್ಲ, ಇಡೀ ಊರನ್ನೇ ಒಂದು ಮೆಟ್ಟಿಲು ಕೆಳಗಿಳಿಸಿತ್ತು. 1994ರ ಒಂದು ವಿಶ್ಲೇಷಣೆ, ಕೊರತೆಯ ಊರು ಮತ್ತು ಕೊರತೆಯಿಲ್ಲದ ಊರುಗಳ ನಡುವಿನ ಸರಾಸರಿ ಬುದ್ಧ್ಯಂಕದ ಅಂತರವನ್ನು 13.5 ಅಂಕ ಎಂದು ಅಂದಾಜಿಸಿತು. ಎಲ್ಲರೂ ಒಟ್ಟಿಗೆ ಇಳಿದಾಗ ಯಾರೂ ಇಳಿದಂತೆ ಕಾಣುವುದಿಲ್ಲ.

ಹಳ್ಳಿಯಲ್ಲಿ ಸೌಮ್ಯ ಮಟ್ಟದ ಬೌದ್ಧಿಕ ಅಂಗವೈಕಲ್ಯ ಬೆಳಕಿಗೆ ಬರುವುದು ಹೆಚ್ಚಾಗಿ ಶಾಲೆ ಬಂದ ಮೇಲೆ. ದನ ಕಾಯುವ, ನೀರು ಹೊರುವ, ತಂಗಿಯನ್ನು ಎತ್ತಿ ಆಡಿಸುವ ಹುಡುಗ ಅಲ್ಲಿಯವರೆಗೆ ಸ್ವಲ್ಪ ನಿಧಾನದವನು, ಅಷ್ಟೇ. 1970ರ ಸುಮಾರಿಗೆ ಅಮೆರಿಕದಲ್ಲಿ ‘ಆರು ಗಂಟೆಯ ಮಂದಬುದ್ಧಿ ಮಗು’ ಎಂಬ ಮಾತು ಚಾಲ್ತಿಗೆ ಬಂತು: ಶಾಲೆಯ ಆರು ಗಂಟೆ ಮಂದಬುದ್ಧಿ, ಮನೆಗೆ ಬಂದರೆ ಎಲ್ಲರಂತೆ. ನಗರದ ಬುದ್ಧ್ಯಂಕ ಪರೀಕ್ಷೆಯನ್ನು ಹೊತ್ತು ಹಳ್ಳಿಗೆ ಹೋದವರಿಗೂ ಇದೇ ತೊಡಕು. ಹಾಗಾಗಿ 1980ರ ದಶಕದಲ್ಲಿ ಬಡ ದೇಶಗಳಿಗೆಂದೇ ‘ಹತ್ತು ಪ್ರಶ್ನೆ’ಗಳ ವಿಧಾನ ರೂಪುಗೊಂಡಿತು, ಬಾಂಗ್ಲಾದೇಶ, ಜಮೈಕಾ, ಪಾಕಿಸ್ತಾನಗಳಲ್ಲಿ ಅದನ್ನು ಒರೆಗೆ ಹಚ್ಚಿದರು. ಎರಡರಿಂದ ಒಂಬತ್ತು ವರ್ಷದ ಮಗುವಿನ ತಾಯಿಯನ್ನು ಕೇಳುವ ಪ್ರಶ್ನೆಗಳು ಅವು: ಏನಾದರೂ ಮಾಡು ಎಂದರೆ ಮಗುವಿಗೆ ಅರ್ಥವಾಗುತ್ತದೆಯೇ, ಓರಗೆಯ ಮಕ್ಕಳಂತೆ ಕಲಿಯುತ್ತದೆಯೇ. ಓರಗೆಯ ಮಕ್ಕಳೆಲ್ಲ ಅದೇ ನೀರು ಕುಡಿದು ಬೆಳೆದವರಾದರೆ ಈ ಪ್ರಶ್ನೆಗೂ ಒಂದು ಮಿತಿಯಿದೆ, ಆದರೂ ಒಂದು ಕಾಗದದ ಹಾಳೆಯಲ್ಲಿ ಅಷ್ಟು ಕೆಲಸ ಮಾಡುವ ಸಾಧನ ಮತ್ತೊಂದಿಲ್ಲ.

ಉಪ್ಪಿನ ಪ್ರಚಾರಕ್ಕೆ ಕ್ರೆಟಿನ್‌ಗಳ ಚಿತ್ರಗಳು ಬಹಳ ಬಳಕೆಯಾದವು. ಆ ಚಿತ್ರದಲ್ಲಿರುವ ವ್ಯಕ್ತಿಗೆ ಉಪ್ಪಿನಿಂದ ಆಗುವುದು ಅಷ್ಟಕ್ಕಷ್ಟೇ. ಅವರಿಗೆ ಬೇಕಿದ್ದದ್ದು ಕಲಿಕೆ. ಪ್ರಾಥಮಿಕ ಆರೋಗ್ಯ ಸೇವೆ ಕುರಿತ 1978ರ ಆಲ್ಮಾ-ಆಟಾ ಸಮ್ಮೇಳನದ ಬೆನ್ನಿಗೆ ವಿಶ್ವ ಆರೋಗ್ಯ ಸಂಸ್ಥೆ ಸಮುದಾಯ ಆಧಾರಿತ ಪುನಶ್ಚೇತನದ ಮಾತೆತ್ತಿತು: ದೂರದ ನಗರದ ಆಸ್ಪತ್ರೆಯ ಬದಲು ಅದೇ ಊರಿನ ಒಬ್ಬರಿಗೆ ತರಬೇತಿ ಕೊಟ್ಟು, ಅವರು ಮನೆಯವರಿಗೆ ಕಲಿಸುವುದು. ಕಾನೂನು ಇನ್ನೂ ನಿಧಾನ. ಭಾರತದ 1995ರ ಅಂಗವಿಕಲರ ಕಾಯ್ದೆ ‘ಬುದ್ಧಿಮಾಂದ್ಯ’ ಎನ್ನುತ್ತಿತ್ತು, ‘ಬೌದ್ಧಿಕ ಅಂಗವೈಕಲ್ಯ’ ಎಂದಾದದ್ದು 2016ರ ಕಾಯ್ದೆಯಲ್ಲಿ.

ಮನೆಯಲ್ಲಿ ನಡೆಯುವ ಕೆಲಸಕ್ಕೆ ಹೆಸರಿನ ಗೊಡವೆಯಿಲ್ಲ. ಅಂಗಿ ತೊಡುವುದನ್ನು ಕಲಿಸಬೇಕಾದರೆ ಮೊದಲಿನಿಂದ ಶುರುಮಾಡುವುದಿಲ್ಲ. ತೋಳು ತೂರಿಸಿ, ಕಾಲರ್ ಸರಿಮಾಡಿ, ಗುಂಡಿಗಳನ್ನೆಲ್ಲ ತಾಯಿಯೇ ಹಾಕಿ ಕೊನೆಯದೊಂದನ್ನು ಮಗುವಿಗೆ ಬಿಡುತ್ತಾಳೆ. ಅದು ಕೈಹಿಡಿದ ಮೇಲೆ ಕೊನೆಯ ಎರಡು. ವಾರಗಳು ಕಳೆಯುತ್ತವೆ, ಕೆಲವೊಮ್ಮೆ ತಿಂಗಳುಗಳು. ಒಂದು ಬೆಳಿಗ್ಗೆ ಮಗು ಅಂಗಿಯನ್ನು ತಾನೇ ಎತ್ತಿಕೊಂಡು, ಒಂದು ಗುಂಡಿ ತಪ್ಪು ರಂಧ್ರಕ್ಕೆ ಸೇರಿಸಿ, ಬಾಗಿಲಾಚೆ ಹೋಗುತ್ತದೆ.